ಮಗುವಿಗೆ ಮಾತು ತಡವಾದರೆ ಎಲ್ಲಿಗೆ ಹೋಗುವುದು? ಕೋಲಾರ ಸೀಮೆಯ ಅಪ್ಪ ಅಮ್ಮಂದಿರಿಗೆ ಒಂದು ಹೋಲಿಕೆ

ಮಗುವಿಗೆ ಎರಡು ವರ್ಷ ದಾಟಿದೆ, ಮಾತು ಬಂದಿಲ್ಲ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಬಜೆ ತೇಯ್ದು ನಾಲಿಗೆಗೆ ಹಚ್ಚು ಅನ್ನುತ್ತಾರೆ ಅಜ್ಜಿ. ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀಯ ಅನ್ನುತ್ತಾರೆ ಅತ್ತೆ. ಪಕ್ಕದ ಮನೆಯವರು ಬೆಂಗಳೂರಿಗೇ ಹೋಗಿ ಅನ್ನುತ್ತಾರೆ. ಮೈಸೂರಿನಲ್ಲಿ ದೊಡ್ಡ ಆಸ್ಪತ್ರೆ ಇದೆಯಂತೆ ಅಂತ ಇನ್ಯಾರೋ. ಇಷ್ಟರ ನಡುವೆ ಆರು ತಿಂಗಳು ಕಳೆದೇ ಹೋಗುತ್ತದೆ.

ನಾನು ಸ್ಪೀಚ್ ಥೆರಪಿಸ್ಟ್, ಅಂದರೆ ಮಾತಿನ ತೊಂದರೆ ಇರುವ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಮಕ್ಕಳನ್ನು ನೋಡುತ್ತೇನೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಪರೀಕ್ಷೆಗೆ ಎಷ್ಟು ದೂರ ಬೇಕಾದರೂ ಹೋಗಿ, ಥೆರಪಿ ಮಾತ್ರ ಹತ್ತಿರದಲ್ಲಿರಲಿ. ಪರೀಕ್ಷೆ ಒಂದೆರಡು ದಿನದ ಕೆಲಸ. ಥೆರಪಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವಂಥದ್ದು. ದೊಡ್ಡ ಹೆಸರಿನ ಕಡೆ ಎರಡು ಸಲ ಹೋಗಿ ಬಿಟ್ಟುಬಿಡುವುದಕ್ಕಿಂತ ತಾಲ್ಲೂಕಿನಲ್ಲೇ ವಾರ ತಪ್ಪದೆ ಹೋಗುವುದು ಮಗುವಿಗೆ ಒಳ್ಳೆಯದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕಾಯುವುದೋ, ತೋರಿಸುವುದೋ

ಮೊದಲು ವಯಸ್ಸಿನ ಲೆಕ್ಕ. ಆರರಿಂದ ಒಂಬತ್ತು ತಿಂಗಳೊಳಗೆ ಮಗು ಬಬಬ, ಮಮಮ ಅಂತ ಶುರು ಮಾಡುತ್ತದೆ. ಒಂದು ವರ್ಷದ ಹೊತ್ತಿಗೆ ಹೆಸರು ಕೂಗಿದರೆ ತಿರುಗುತ್ತದೆ. ಅಮ್ಮ, ಅತ್ತ, ಬಾ ಇಂಥ ಒಂದೆರಡು ಮಾತು ಬರುತ್ತವೆ. ಬೇಕಾದ್ದರ ಕಡೆ ಬೆರಳು ತೋರಿಸುತ್ತದೆ. ಒಂದೂವರೆ ವರ್ಷಕ್ಕೆ ಹತ್ತು ಪದವಾದರೂ ಇರಬೇಕು. ಎರಡು ವರ್ಷಕ್ಕೆ ಸುಮಾರು ಐವತ್ತು ಪದ, ಜೊತೆಗೆ 'ಅಮ್ಮ ಬಾ', 'ಹಾಲು ಬೇಕು' ಅಂತ ಎರಡು ಪದ ಕೂಡಿಸುವುದು. ಮೂರು ವರ್ಷಕ್ಕೆ ಚಿಕ್ಕ ಚಿಕ್ಕ ವಾಕ್ಯ. ಆ ವಯಸ್ಸಿಗೆ ಮನೆಯವರಲ್ಲದೆ ಹೊರಗಿನವರಿಗೂ ಮಗುವಿನ ಮಾತು ಬಹುಪಾಲು ಅರ್ಥವಾಗಬೇಕು.

ಇದರಲ್ಲಿ ಒಂದೆರಡು ತಿಂಗಳು ಹೆಚ್ಚು ಕಡಿಮೆ ಆದರೆ ಯಾರೂ ಹೆದರಬೇಕಿಲ್ಲ. ಎರಡು ವರ್ಷಕ್ಕೆ ಮಾತು ಕಡಿಮೆ ಇದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಉಳಿದವರ ಸಮಕ್ಕೆ ಬರುತ್ತಾರೆ. ಅತ್ತೆಯವರ ಮಾತಿನಲ್ಲೂ ಅಷ್ಟರಮಟ್ಟಿಗೆ ನಿಜ ಇದೆ. ಆದರೆ ನಿಮ್ಮ ಮಗು ಆ ಅರ್ಧದಲ್ಲಿ ಇದೆಯಾ ಇಲ್ಲವಾ ಅಂತ ಹೇಗೆ ತಿಳಿಯುವುದು?

ಕೆಲವು ಗುರುತುಗಳಿವೆ. ಮಗುವಿಗೆ ನಮ್ಮ ಮಾತು ಚೆನ್ನಾಗಿ ಅರ್ಥವಾಗುತ್ತದೆ, ಹೇಳಿದ ಕೆಲಸ ಮಾಡುತ್ತದೆ, ಬೆರಳು ತೋರಿಸುತ್ತದೆ, ಕೈ ಹಿಡಿದು ಎಳೆದುಕೊಂಡು ಹೋಗಿ ಕಣ್ಣಲ್ಲಿ ಕಣ್ಣಿಟ್ಟು ಕೇಳುತ್ತದೆ, ಗೊಂಬೆಗೆ ಊಟ ಮಾಡಿಸಿ ಆಡುತ್ತದೆ, ಬಾಯಿಂದ ಮಾತು ಮಾತ್ರ ಕಡಿಮೆ. ಇಂಥ ಮಗುವಿನ ದಾರಿ ಸಾಮಾನ್ಯವಾಗಿ ಸಲೀಸು. ಅದೇ ಮಗುವಿಗೆ ಮಾತು ಅರ್ಥವೂ ಆಗುತ್ತಿಲ್ಲ, ಸನ್ನೆಯೂ ಇಲ್ಲ ಅಂದರೆ ಕಾಯುವುದರಲ್ಲಿ ಅರ್ಥವಿಲ್ಲ. ಇನ್ನು ಬಂದಿದ್ದ ಮಾತು ಹೋಯಿತು ಅಂದರೆ, ಅಂದರೆ ಒಂದೂವರೆ ವರ್ಷದವರೆಗೆ 'ಅಮ್ಮ, ತಾತ' ಅನ್ನುತ್ತಿದ್ದ ಮಗು ಈಗ ಅನ್ನುವುದೇ ಇಲ್ಲ ಅಂದರೆ, ಯಾವ ವಯಸ್ಸೇ ಆಗಲಿ ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕು.

ಗಂಡು ಮಕ್ಕಳು ಲೇಟಾಗಿ ಮಾತಾಡುತ್ತಾರೆ ಅನ್ನುವುದು ಸುಳ್ಳಲ್ಲ. ಆದರೆ ಆ ವ್ಯತ್ಯಾಸ ಕೆಲವು ತಿಂಗಳದ್ದು, ವರ್ಷಗಳದ್ದಲ್ಲ. ಅಪ್ಪನಿಗೂ ಮಾತು ತಡವಾಗಿತ್ತು ಅನ್ನುವುದನ್ನು ಎಲ್ಲರೂ ಸಮಾಧಾನಕ್ಕೆ ಹೇಳುತ್ತಾರೆ. ನಮಗೆ ಅದು ತೋರಿಸಲು ಇನ್ನೊಂದು ಕಾರಣ. ಮನೆತನದಲ್ಲಿ ಇದ್ದರೆ ಮಗುವಿನಲ್ಲಿ ಉಳಿಯುವ ಸಾಧ್ಯತೆ ಜಾಸ್ತಿ.

ಎರಡನ್ನೂ ತೂಗಿ ನೋಡಿ. ತೋರಿಸಿದ ಮೇಲೆ ಏನೂ ಇಲ್ಲ ಅಂತಾದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಗುತ್ತದೆ. ತೋರಿಸದೆ ಕಾದು, ಕೊನೆಗೆ ಕಿವಿಯೇ ಕೇಳುತ್ತಿರಲಿಲ್ಲ ಅಂತ ಗೊತ್ತಾದರೆ ಹೋಗುವುದು ಮಾತು ಕಲಿಯುವ ಅತಿ ಒಳ್ಳೆಯ ಎರಡು ವರ್ಷ. ಇಲ್ಲಿ ನನಗೆ ಸಂದೇಹವೇ ಇಲ್ಲ.

ಮೊದಲು ಕಿವಿ, ಆಮೇಲೆ ಉಳಿದದ್ದು

ಮಾತು ಬಂದಿಲ್ಲ ಅಂದ ಕೂಡಲೇ ನಾಲಿಗೆ ನೋಡುತ್ತಾರೆ ನಮ್ಮ ಜನ. ನೋಡಬೇಕಾದ್ದು ಕಿವಿ. 'ತಟ್ಟೆ ಬಡಿದರೆ ತಿರುಗುತ್ತಾನೆ, ಕಿವಿ ಚೆನ್ನಾಗೇ ಇದೆ' ಅಂತ ಅನೇಕರು ಹೇಳುತ್ತಾರೆ. ತಟ್ಟೆಯ ಸದ್ದು ಬಹಳ ದೊಡ್ಡದು. ಬಾಗಿಲು ಬಡಿದರೆ ನೆಲ ಅದುರುತ್ತದೆ, ಮಗು ಅದಕ್ಕೂ ತಿರುಗುತ್ತದೆ. ಅರ್ಧಂಬರ್ಧ ಕೇಳುವ ಮಗು ಇಂಥ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ. ಆದರೆ ಸ, ಶ, ಫ ಇಂಥ ಸಣ್ಣ ಸದ್ದು ಅದರ ಕಿವಿಗೆ ಬೀಳುವುದೇ ಇಲ್ಲ. ಕೇಳದ್ದನ್ನು ಅದು ಹೇಳುವುದಾದರೂ ಹೇಗೆ?

ಪರೀಕ್ಷೆಗಳಲ್ಲಿ ಮುಖ್ಯವಾದವು ಎರಡು. ಒಎಇ ಅನ್ನುವುದು ಕೆಲವೇ ನಿಮಿಷದ್ದು. ಕಿವಿಯಲ್ಲಿ ಚಿಕ್ಕದೊಂದು ತುದಿ ಇಟ್ಟು ಒಳಗಿವಿಯ ಪ್ರತಿಕ್ರಿಯೆ ನೋಡುತ್ತಾರೆ. ಹುಟ್ಟಿದ ಮಗುವಿಗೂ ಮಾಡಬಹುದು. ಬೆರಾ ಅನ್ನುವುದು ಸದ್ದು ಕಿವಿಯಿಂದ ಮೆದುಳಿನವರೆಗೆ ಹೋಗುತ್ತದಾ ಅಂತ ನೋಡುವ ಪರೀಕ್ಷೆ. ತಲೆಗೆ, ಕಿವಿ ಹಿಂದೆ ಪಟ್ಟಿ ಅಂಟಿಸುತ್ತಾರೆ. ನೋವೇನಿಲ್ಲ, ಆದರೆ ಮಗು ನಿದ್ದೆ ಮಾಡುತ್ತಿರಬೇಕು. ಒಎಇ ಒಂದೇ ಸಾಲದು. ಒಳಗಿವಿ ಚೆನ್ನಾಗಿದ್ದು ನರದಲ್ಲಿ ತೊಂದರೆ ಇರುವ ಮಕ್ಕಳು ಅದರಲ್ಲಿ ತಪ್ಪಿಸಿಕೊಂಡುಬಿಡುತ್ತಾರೆ.

ಬೆರಾ ಎಲ್ಲಿ ಮಾಡಿಸುವುದು ಅನ್ನುವಲ್ಲಿ ಒಂದು ಸಣ್ಣ ವಿಷಯ ಇದೆ, ಯಾರೂ ಮೊದಲೇ ಹೇಳುವುದಿಲ್ಲ. ಮುಳಬಾಗಿಲಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟರೆ ಮಗು ದಾರಿಯುದ್ದಕ್ಕೂ ನಿದ್ದೆ ಹೊಡೆಯುತ್ತದೆ. ಆಸ್ಪತ್ರೆಗೆ ಹೋದ ಮೇಲೆ ಕಣ್ಣು ಮುಚ್ಚುವುದಿಲ್ಲ. ನಿದ್ದೆಯ ಸಿರಪ್ ಕೊಟ್ಟರೂ ಕೆಲವು ಮಕ್ಕಳು ಮಲಗುವುದಿಲ್ಲ. ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಅದಕ್ಕೇ ಬೆರಾ ಹತ್ತಿರದಲ್ಲಿ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸರ್ಕಾರಿ ಮೆಡಿಕಲ್ ಕಾಲೇಜು, ಇವುಗಳ ಕಿವಿ ಮೂಗು ಗಂಟಲು ವಿಭಾಗದಲ್ಲಿ ಕೇಳಬಹುದು. ದೂರವೇ ಹೋಗಬೇಕಾದರೆ ಹಿಂದಿನ ರಾತ್ರಿ ಮಗುವನ್ನು ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಆಡಿಸುತ್ತಾ ಕರೆದುಕೊಂಡು ಹೋಗಿ. ಊಟ ಹಾಲು ಯಾವಾಗ ನಿಲ್ಲಿಸಬೇಕು ಅಂತ ಆಸ್ಪತ್ರೆಯವರನ್ನೇ ಕೇಳಿಕೊಳ್ಳಿ.

ಕಿವಿ ಪರದೆ ಹಿಂದೆ ನೀರು ತುಂಬಿಕೊಂಡು ಮಂದವಾಗಿ ಕೇಳುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ನೆಗಡಿ ಆದಾಗಲೆಲ್ಲ ಕಿವಿ ಸೋರುವ ಮಕ್ಕಳನ್ನು ಕಿವಿ ಡಾಕ್ಟರಿಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ. ಬಹಳಷ್ಟು ಸಲ ಮೂರು ತಿಂಗಳಲ್ಲಿ ತಾನಾಗೇ ಹೋಗುತ್ತದೆ.

ಹುಟ್ಟಿನಿಂದಲೇ ಕೇಳದ ಮಗು ಅಂತಾದರೆ ಕಿವಿ ಮಿಷನ್ ಎಷ್ಟು ಬೇಗ ಹಾಕಿದರೆ ಅಷ್ಟು ಒಳ್ಳೆಯದು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಾತ್ರಿ, ಆರು ತಿಂಗಳೊಳಗೆ ಮಿಷನ್ ಅನ್ನುವುದು ಜಗತ್ತಿನಾದ್ಯಂತ ಇಟ್ಟುಕೊಂಡಿರುವ ಗುರಿ. ಮಿಷನ್ನಿನಿಂದ ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯಲ್ಲಿ ಕೇಳಿಸುವ ಸಾಧನ ಕೂರಿಸುವ ಆಪರೇಷನ್. ಇದಕ್ಕೆ ಲಕ್ಷಗಟ್ಟಲೆ ಆಗುತ್ತದೆ ನಿಜ. ಆದರೆ ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಯೋಜನೆ ಎರಡರಲ್ಲೂ ಐದಾರು ವರ್ಷದೊಳಗಿನ ಮಕ್ಕಳಿಗೆ ನೆರವು ಇದೆ. ವಯಸ್ಸು ಮೀರಿದರೆ ಆ ಬಾಗಿಲು ಮುಚ್ಚಿತು. ಆಪರೇಷನ್ ಆದ ಮೇಲೆ ಕನಿಷ್ಠ ಒಂದು ವರ್ಷ ಬಿಡದೆ ಥೆರಪಿ ಬೇಕು ಅನ್ನುವುದನ್ನೂ ಮೊದಲೇ ತಿಳಿದಿರಿ. ಬರೀ ಆಪರೇಷನ್ನಿಂದ ಮಾತು ಬರುವುದಿಲ್ಲ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಈಗಲೂ ನಡೆಯುತ್ತವೆ. ಅಂಥ ಮದುವೆಯಿಂದ ಹುಟ್ಟಿದ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಸ್ವಲ್ಪ ಹೆಚ್ಚು. ಡಾಕ್ಟರು ಕೇಳಿದಾಗ ಮುಚ್ಚಿಡಬೇಡಿ. ತಾಯಿಯನ್ನು ದೂರುವುದಕ್ಕೆ ಕೇಳುವುದಲ್ಲ ಅದು. ಮೊದಲ ಮಗುವಿಗೆ ಹೀಗಾಗಿದ್ದರೆ ಎರಡನೆಯದಕ್ಕೆ ಹುಟ್ಟಿದ ವಾರದಲ್ಲೇ ಪರೀಕ್ಷೆ ಮಾಡಿಸಿಬಿಡಬಹುದು.

ಜಿಲ್ಲಾ ಆಸ್ಪತ್ರೆ, ಊರಿನ ಕ್ಲಿನಿಕ್, ಬೆಂಗಳೂರು, ಮೈಸೂರು

ಸರ್ಕಾರದ ಕಡೆಯಿಂದ ಶುರು ಮಾಡೋಣ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ. ಇದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳು ಇದರಲ್ಲಿ ಬರುತ್ತಾರೆ. ತೊಂದರೆ ಕಂಡರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಕಳಿಸುತ್ತಾರೆ. ಮಕ್ಕಳ ಡಾಕ್ಟರು, ಕಿವಿ ಪರೀಕ್ಷಕರು, ಸ್ಪೀಚ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್, ಮನಶ್ಶಾಸ್ತ್ರಜ್ಞರು ಎಲ್ಲ ಒಂದೇ ಸೂರಿನಡಿ ಇರಬೇಕು ಅನ್ನುವುದು ಯೋಜನೆ. ಹಣ ಕೊಡಬೇಕಿಲ್ಲ. ಇದರ ಲಾಭ ಇದೇ, ಎಲ್ಲರೂ ಒಂದೇ ಕಡೆ, ಒಂದೇ ಫೈಲು. ಇದರ ಕಷ್ಟವೂ ನಿಮಗೆ ಗೊತ್ತಿರುವುದೇ. ಹುದ್ದೆ ಖಾಲಿ ಇರಬಹುದು. ಇದ್ದ ಒಬ್ಬರ ಮುಂದೆ ಉದ್ದ ಸಾಲು ಇರಬಹುದು. ಹಾಗಾಗಿ ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಹಿಡಿದು ಒಂದು ಫೋನ್ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಯಾವ ದಿನ ಇರುತ್ತಾರೆ ಅಂತ ಕೇಳಿ. ತಾಯಿ ಕಾರ್ಡ್ ಮರೆಯಬೇಡಿ. ಹೆರಿಗೆ ಹೇಗಾಯಿತು, ತೂಕ ಎಷ್ಟಿತ್ತು, ಕಾಮಾಲೆಗೆ ಲೈಟಿನ ಕೆಳಗೆ ಇಟ್ಟಿದ್ದರಾ, ಇದೆಲ್ಲ ಕೇಳಿಯೇ ಕೇಳುತ್ತಾರೆ.

ಊರಿನ ಖಾಸಗಿ ಕ್ಲಿನಿಕ್ ಇನ್ನೊಂದು ದಾರಿ. ಹತ್ತಿರ ಇರುತ್ತದೆ, ಹೊತ್ತು ಗೊತ್ತು ಮಾಡಿಕೊಳ್ಳಬಹುದು, ಒಬ್ಬರೇ ಥೆರಪಿಸ್ಟ್ ಮಗುವನ್ನು ಕೊನೆವರೆಗೆ ನೋಡುತ್ತಾರೆ. ದುಡ್ಡು ಮಾತ್ರ ನಿಮ್ಮ ಜೇಬಿನದ್ದು. ಇಲ್ಲಿ ಒಂದು ಎಚ್ಚರ ಬೇಕು. ಥೆರಪಿ ಸೆಂಟರ್ ಅಂತ ಬೋರ್ಡ್ ಹಾಕಿದವರೆಲ್ಲ ಓದಿದವರಲ್ಲ. ಬಿಎಎಸ್‌ಎಲ್‌ಪಿ ಅನ್ನುವ, ಕಿವಿ ಮತ್ತು ಮಾತಿನ ಚಿಕಿತ್ಸೆಯ ನಾಲ್ಕು ವರ್ಷದ ಪದವಿ ಆಗಿರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆ ಪ್ರಕಾರ ಇದು ಕಡ್ಡಾಯ. ನೋಂದಣಿ ನಂಬರ್ ಕೇಳಿ, ಸಂಕೋಚ ಬೇಡ. ಸರಿಯಾದವರು ಗೋಡೆಗೇ ತಗಲಿಸಿರುತ್ತಾರೆ. ನಂಬರ್ ಕೇಳಿದ್ದಕ್ಕೆ ಸಿಡುಕಿದರೆ ಎದ್ದು ಬನ್ನಿ.

ಬೆಂಗಳೂರು ಕೋಲಾರಕ್ಕೆ ಎಪ್ಪತ್ತು ಕಿಲೋಮೀಟರ್, ಚಿಕ್ಕಬಳ್ಳಾಪುರಕ್ಕೆ ಅದಕ್ಕಿಂತ ಸ್ವಲ್ಪ ಕಡಿಮೆ. ನಿಮ್ಹಾನ್ಸ್‌ನಲ್ಲಿ ಮಾತು ಮತ್ತು ಕೇಳುವಿಕೆಯ ವಿಭಾಗವೂ ಇದೆ, ಮಕ್ಕಳ ಮನೋವೈದ್ಯ ವಿಭಾಗವೂ ಇದೆ. ಆಟಿಸಂ (ಬೇರೆಯವರ ಜೊತೆ ಬೆರೆಯುವುದೇ ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರಬಹುದಾ, ಫಿಟ್ಸ್ ಇದೆಯಾ, ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದಿದೆಯಾ ಅನ್ನುವ ಅನುಮಾನ ಇದ್ದರೆ ಅಲ್ಲಿಗೆ ಹೋಗುವುದು ಸರಿ. ಬರೀ ಮಾತು, ಕಿವಿ ವಿಷಯಕ್ಕಾದರೆ ಲಿಂಗರಾಜಪುರದ ಕಡೆ ಇರುವ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಕೋಲಾರದವರಿಗೆ ಅನುಕೂಲ. ಕೆ.ಆರ್.ಪುರದ ಕಡೆಯಿಂದ ಬರುವವರು ಊರ ನಡುವಿನ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಯಿಷ್ ಅಂದರೆ ಆಟೋದವರಿಗೂ ಗೊತ್ತು. 1960ರ ದಶಕದಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ದೇಶದಲ್ಲೇ ಈ ವಿಷಯಕ್ಕೆ ದೊಡ್ಡ ಹೆಸರು. ನಮಗೆ ಇನ್ನೊಂದು ಅನುಕೂಲ, ಕನ್ನಡದ ಮಕ್ಕಳಿಗೆ ಅಂತಲೇ ತಯಾರಾದ ಪರೀಕ್ಷೆಗಳು ಅಲ್ಲಿಂದ ಬಂದಿವೆ. ಪರೀಕ್ಷೆಗೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿಯ ಶಿಶುಶಾಲೆಯಲ್ಲಿ ಅಮ್ಮಂದಿರೂ ಮಕ್ಕಳ ಜೊತೆ ಕೂತು ಕಲಿಯುತ್ತಾರೆ. ಆದರೆ ಕೋಲಾರದಿಂದ ಇನ್ನೂರು ಕಿಲೋಮೀಟರ್ ಮೇಲೆ ಆಗುತ್ತದೆ. ವಾರಕ್ಕೆ ಎರಡು ಸಲ ಹೋಗಿಬರುವ ಮಾತಲ್ಲ. ಮೈಸೂರಿನಲ್ಲಿ ನೆಂಟರು ಇದ್ದು ಕೆಲವು ತಿಂಗಳು ಅಲ್ಲೇ ಉಳಿಯುವುದಾದರೆ ಸರಿ. ಇಲ್ಲದಿದ್ದರೆ ಪರೀಕ್ಷೆ ಮಾಡಿಸಿ, ರಿಪೋರ್ಟು ತಂದು, ಅದರ ಪ್ರಕಾರ ಹತ್ತಿರದಲ್ಲಿ ಥೆರಪಿ ಮಾಡಿಸಿ. ಹೀಗೆ ಮಾಡಿದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಅವರೇ ಎಷ್ಟೋ ಸಲ ಹಾಗೆ ಹೇಳಿ ಕಳಿಸುತ್ತಾರೆ.

ಬಸ್ ಚಾರ್ಜಿನ ಲೆಕ್ಕ ಈಗ ಸ್ವಲ್ಪ ಬದಲಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರು ಸರ್ಕಾರಿ ಕೆಂಪು ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗಬಹುದು. ನನ್ನ ಹತ್ತಿರ ಬರುವ ಅಜ್ಜಿಯರ ಸಂಖ್ಯೆ ಆಮೇಲೆ ಹೆಚ್ಚಾಯಿತು. ಅಮ್ಮ ಗಾರ್ಮೆಂಟ್ಸಿಗೆ ಹೋದರೆ ಅಜ್ಜಿ ಮಗುವನ್ನು ಕರೆತರುತ್ತಾರೆ. ನನಗಂತೂ ಖುಷಿ, ಮನೆಯಲ್ಲಿ ಮಗುವಿನ ಜೊತೆ ದಿನವಿಡೀ ಇರುವವರು ಅವರೇ ಅಲ್ವಾ.

ಫೋನಿನಲ್ಲಿ, ವಿಡಿಯೋದಲ್ಲಿ ಥೆರಪಿ? ಮೂರು ನಾಲ್ಕು ವರ್ಷ ದಾಟಿದ, ಒಂದು ಕಡೆ ಕೂರುವ, ಉಚ್ಚಾರಣೆ ಮಾತ್ರ ತಪ್ಪುವ ಮಕ್ಕಳಿಗೆ ನಡೆಯುತ್ತದೆ. ಎರಡು ವರ್ಷದ ಮಗುವನ್ನು ಸ್ಕ್ರೀನ್ ಮುಂದೆ ಕೂರಿಸಿ ಮಾತು ಕಲಿಸುವುದು ಕಷ್ಟ. ಆ ವಯಸ್ಸಿಗೆ ವಿಡಿಯೋ ಕಾಲ್ ಬೇಕಾಗಿರುವುದು ಅಮ್ಮನಿಗೆ. ಹೇಗೆ ಆಡಿಸಬೇಕು, ಹೇಗೆ ಮಾತಾಡಿಸಬೇಕು ಅಂತ ಥೆರಪಿಸ್ಟ್ ಅಮ್ಮನಿಗೆ ಹೇಳಿಕೊಡುವುದಾದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ನೇರ ಭೇಟಿ, ನಡುವೆ ಫೋನು, ಹೀಗೆ ಬೆರೆಸಿಕೊಂಡವರೂ ಇದ್ದಾರೆ.

ತೊಂದರೆ ಯಾವುದು ಅನ್ನುವುದರ ಮೇಲೆ ದಾರಿ ಬೇರೆ

ಎಲ್ಲ ಮಾತಿನ ತೊಂದರೆಗೂ ಒಂದೇ ಮದ್ದಲ್ಲ.

ಮಾತು ಬರುತ್ತದೆ, ಸ್ಪಷ್ಟ ಇಲ್ಲ: 'ರಾಮ' ಅನ್ನಲು 'ಲಾಮ', 'ಕಾಗೆ' ಅನ್ನಲು 'ತಾದೆ'. ಮೂರು ವರ್ಷಕ್ಕೆ ಇದು ಸಹಜ, ಮುದ್ದಾಗಿಯೂ ಇರುತ್ತದೆ. ಕ, ಗ ಅಕ್ಷರಗಳು ನಾಲ್ಕು ವರ್ಷದ ಹೊತ್ತಿಗೆ ಸರಿಯಾಗಬೇಕು. ರ, ಳ, ಶ ಬರುವುದು ಇನ್ನೂ ನಿಧಾನ. ನಾಲ್ಕು ದಾಟಿಯೂ ಹೊರಗಿನವರಿಗೆ ಅರ್ಥವಾಗದಿದ್ದರೆ ಊರಿನ ಥೆರಪಿಸ್ಟೇ ಸಾಕು, ದೂರ ಹೋಗಬೇಕಿಲ್ಲ.

ಉಗ್ಗು: ಎರಡರಿಂದ ಐದು ವರ್ಷದೊಳಗೆ ಅನೇಕ ಮಕ್ಕಳು 'ನಾ ನಾ ನಾನು' ಅಂತ ತಡವರಿಸುತ್ತಾರೆ. ನೂರರಲ್ಲಿ ಐದು ಮಕ್ಕಳಿಗೆ ಯಾವಾಗಲಾದರೂ ಉಗ್ಗು ಬರುತ್ತದೆ, ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಿಗೆ. ಅಂದರೆ ಹೆಚ್ಚಿನವರಿಗೆ ಹೋಗುತ್ತದೆ. ಆರು ತಿಂಗಳು ಮೀರಿದರೆ, ಮಾತು ಹೊರಡುವಾಗ ಮುಖ ಬಿಗಿಯಾಗುತ್ತಿದ್ದರೆ, ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ, ಮನೆಯಲ್ಲಿ ಇನ್ಯಾರಿಗಾದರೂ ಉಗ್ಗು ಉಳಿದಿದ್ದರೆ ತೋರಿಸಿ. 'ನಿಧಾನವಾಗಿ ಹೇಳು, ಸರಿಯಾಗಿ ಹೇಳು' ಅಂತ ತಡೆಯುವುದು, ನೆಂಟರ ಮುಂದೆ ಅಣಕಿಸಿ ನಗುವುದು ಎರಡೂ ಬೇಡ. ಮಗು ಹೇಳಿ ಮುಗಿಸುವವರೆಗೆ ಕಾದು ಕೇಳಿ, ನೀವೇ ನಿಧಾನವಾಗಿ ಮಾತಾಡಿ.

ಆಟಿಸಂ ಅನುಮಾನ: ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ, ತನಗೆ ಇಷ್ಟವಾದ್ದನ್ನು ತಂದು ನಿಮಗೆ ತೋರಿಸುವುದಿಲ್ಲ, ಗಾಡಿಯ ಚಕ್ರ ಮಾತ್ರ ತಿರುಗಿಸುತ್ತಾ ಕೂರುತ್ತದೆ. ಇಂಥವಕ್ಕೆ ಒಂದೂವರೆಯಿಂದ ಎರಡು ವರ್ಷದೊಳಗೇ ಪ್ರಶ್ನಾವಳಿ ಇಟ್ಟು ನೋಡುತ್ತಾರೆ. ಇಲ್ಲಿ ಸ್ಪೀಚ್ ಥೆರಪಿಸ್ಟ್ ಒಬ್ಬರೇ ಸಾಲದು. ಮಕ್ಕಳ ಡಾಕ್ಟರು, ಮನಶ್ಶಾಸ್ತ್ರಜ್ಞರು ಸೇರಿ ನೋಡಬೇಕು. ಪರೀಕ್ಷೆಗೆ ಬೆಂಗಳೂರು ಅಥವಾ ಮೈಸೂರು ಅಂತ ನಾನು ಒತ್ತಾಯ ಮಾಡುವುದು ಇಂಥ ಮಕ್ಕಳಿಗೇ.

ಸೀಳು ತುಟಿ, ಸೀಳು ಅಂಗುಳ: ತುಟಿಯ ಆಪರೇಷನ್ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ. ಆಮೇಲೆ ಥೆರಪಿ. ಆಪರೇಷನ್ ಆಯಿತು, ಮುಗಿಯಿತು ಅಂದುಕೊಂಡರೆ ಮೂಗಿನ ಮಾತು ಹಾಗೇ ಉಳಿದುಬಿಡುತ್ತದೆ.

ಇವು ಯಾವುದೂ ಇಲ್ಲದೆಯೂ ಭಾಷೆ ಕಲಿಯುವುದೇ ಕಷ್ಟವಾಗುವ ಮಕ್ಕಳಿದ್ದಾರೆ. ಕಿವಿ ಸರಿ, ಬುದ್ಧಿ ಸರಿ, ಬೆರೆಯುವುದೂ ಸರಿ, ವಾಕ್ಯ ಮಾತ್ರ ಕಟ್ಟಲು ಬರದು. ಅಮೆರಿಕ, ಇಂಗ್ಲೆಂಡಿನ ಅಧ್ಯಯನಗಳ ಪ್ರಕಾರ ನೂರರಲ್ಲಿ ಸುಮಾರು ಏಳು ಮಕ್ಕಳು ಹೀಗೆ. ಶಾಲೆಯಲ್ಲಿ ಇವರನ್ನು ದಡ್ಡರು ಅಂತ ಹಿಂದಿನ ಬೆಂಚಿಗೆ ಕಳಿಸಿಬಿಡುತ್ತಾರೆ.

ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ

ನಮ್ಮ ಕಡೆ ಇದು ದೊಡ್ಡ ಪ್ರಶ್ನೆ. ಶ್ರೀನಿವಾಸಪುರ, ಬಾಗೇಪಲ್ಲಿಯಲ್ಲಿ ಮನೆಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಎಷ್ಟೋ ಮನೆಗಳಲ್ಲಿ ಉರ್ದು. ಅಂಗನವಾಡಿಯಲ್ಲಿ ಕನ್ನಡ, ಕಾನ್ವೆಂಟಿನಲ್ಲಿ ಇಂಗ್ಲಿಷು. ಇಷ್ಟು ಭಾಷೆ ಕಿವಿಗೆ ಬಿದ್ದು ಮಗುವಿಗೆ ಗೊಂದಲವಾಗಿದೆ, ಒಂದೇ ಭಾಷೆ ಮಾತಾಡಿ ಅಂತ ಸಲಹೆ ಕೊಡುವವರು ಈಗಲೂ ಇದ್ದಾರೆ. ಡಾಕ್ಟರುಗಳಲ್ಲೂ ಇದ್ದಾರೆ. ಇದಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ.

ಪದ ಎಣಿಸುವಾಗ ಎಲ್ಲ ಭಾಷೆಯನ್ನೂ ಸೇರಿಸಿ ಎಣಿಸಿ. 'ಪಾಲು', 'ನೀಳ್ಳು' ಅಂತ ತೆಲುಗಿನಲ್ಲಿ ಹೇಳಿ 'ಬಸ್ಸು', 'ನಾಯಿ' ಅಂತ ಕನ್ನಡದಲ್ಲಿ ಹೇಳಿದರೆ ನಾಲ್ಕೂ ಲೆಕ್ಕಕ್ಕೆ ಬರುತ್ತವೆ. ಎರಡು ಭಾಷೆ ಬಲ್ಲ ಮಗುವಿಗೆ ನಿಜವಾಗಿ ತೊಂದರೆ ಇದ್ದರೆ ಅದು ಎರಡರಲ್ಲೂ ಕಾಣುತ್ತದೆ. ತೆಲುಗಿನಲ್ಲಿ ಪಟಪಟ ಮಾತಾಡಿ ಕನ್ನಡದಲ್ಲಿ ಮಾತ್ರ ಸುಮ್ಮನಿದ್ದರೆ ಅದು ಕಾಯಿಲೆ ಅಲ್ಲ, ಕನ್ನಡ ಇನ್ನೂ ಕಲಿತಿಲ್ಲ ಅಷ್ಟೇ.

ಮನೆಯಲ್ಲಿ ಯಾವ ಭಾಷೆ ಆಡಬೇಕು ಅಂದರೆ ನಿಮಗೆ ಸಲೀಸಾಗಿ ಬರುವ ಭಾಷೆ. ಅರೆಬರೆ ಇಂಗ್ಲಿಷಿನಲ್ಲಿ 'ಕಮ್ ಬೇಬಿ, ಈಟ್ ಬೇಬಿ' ಅಂತ ನಾಲ್ಕೇ ಮಾತಾಡಿದರೆ ಮಗುವಿಗೆ ಆ ನಾಲ್ಕೇ ಸಿಗುತ್ತವೆ. ಅಜ್ಜಿಯ ತೆಲುಗಿನಲ್ಲಿ ಕಥೆ ಇದೆ, ಬೈಗುಳ ಇದೆ, ಹಾಡು ಇದೆ. ಥೆರಪಿಸ್ಟ್ ಆರಿಸುವಾಗಲೂ ನಿಮ್ಮ ಮನೆಮಾತು ಬಲ್ಲವರು ಸಿಕ್ಕರೆ ಅವರಿಗೇ ಮೊದಲ ಮಣೆ.

ಅಂಗನವಾಡಿಗೆ ಹಾಕಿದರೆ ಮಾತು ಬರುತ್ತದಾ?

ಬೇರೆ ಮಕ್ಕಳ ಜೊತೆ ಬೆರೆತರೆ ಮಾತು ಬಂದುಬಿಡುತ್ತದೆ ಅಂತ ಬೇಗ ಪ್ಲೇಹೋಮಿಗೆ ಸೇರಿಸುವವರಿದ್ದಾರೆ. ಬೆರೆಯುವುದು ಒಳ್ಳೆಯದೇ. ಆದರೆ ಅದು ಥೆರಪಿಯ ಜೊತೆಗೆ ಇರಲಿ, ಥೆರಪಿಯ ಬದಲಿಗೆ ಅಲ್ಲ. ಮಾತು ಬಾರದ ಮಗುವನ್ನು ಮೂವತ್ತು ಮಕ್ಕಳ ನಡುವೆ ಕೂರಿಸಿದರೆ ಮೂಲೆ ಹಿಡಿಯುವುದೇ ಜಾಸ್ತಿ. ಎರಡರಲ್ಲಿ ಆರಿಸಬೇಕಾದರೆ ಫೀಸು ಕಟ್ಟಿ ಎಬಿಸಿಡಿ ಬರೆಸುವ ಕಾನ್ವೆಂಟಿಗಿಂತ ಹಾಡು, ಆಟ ಇರುವ ಅಂಗನವಾಡಿ ಈ ಮಕ್ಕಳಿಗೆ ಮೇಲು.

ಮನೆಯ ಥೆರಪಿ

ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಥೆರಪಿ ಅಂದರೆ ಒಂದೂವರೆ ಗಂಟೆ. ವಾರದ ಉಳಿದ ಹೊತ್ತೆಲ್ಲ ಮಗು ನಿಮ್ಮ ಜೊತೆ ಇರುತ್ತದೆ. ಥೆರಪಿ ಹತ್ತಿರದಲ್ಲಿರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ನಮ್ಮ ಅರ್ಧ ಕೆಲಸ ಮಗುವಿಗೆ ಕಲಿಸುವುದಲ್ಲ, ಮನೆಯವರಿಗೆ ಕಲಿಸುವುದು. ಅದು ಒಂದೆರಡು ಭೇಟಿಯಲ್ಲಿ ಆಗುವುದಿಲ್ಲ.

'ಇದೇನು? ಹೇಳು. ಇದೇನು?' ಅಂತ ಪರೀಕ್ಷೆ ಮಾಡುವುದನ್ನು ಮೊದಲು ನಿಲ್ಲಿಸಿ. ಬದಲಿಗೆ ನೀವೇ ಹೇಳಿ. ಡೈರಿಗೆ ಹಾಲು ಹಾಕಲು ಹೋಗುವಾಗ ಮಗುವನ್ನು ಕರೆದುಕೊಂಡು ಹೋಗಿ. 'ಹಸು ನೋಡು. ಅಂಬಾ ಅಂತು. ಹಾಲು ಕೊಟ್ಟಿತು.' ಚಿಕ್ಕ ಮಾತು, ಮತ್ತೆ ಮತ್ತೆ. ಟೊಮೆಟೊ ಬುಟ್ಟಿಗೆ ಹಾಕುವಾಗ 'ಕೆಂಪು ಹಣ್ಣು, ಹಾಕು. ಇನ್ನೊಂದು ಹಾಕು.' ರೇಷ್ಮೆ ಹುಳು ಸಾಕುವ ಮನೆಯಾದರೆ 'ಸೊಪ್ಪು ಹಾಕೋಣ, ಹುಳ ತಿಂತಿದೆ.' ಹೇಳಿ ಸುಮ್ಮನಿರಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಮಗುವಿನ ಮುಖ ನೋಡುತ್ತಾ ಕಾಯಿರಿ. ಆ ಐದು ಎಣಿಕೆಯೇ ಎಲ್ಲರಿಗೂ ಕಷ್ಟ. ನಾವು ಮಗುವಿಗೆ ಸರದಿಯೇ ಕೊಡುವುದಿಲ್ಲ.

ಮಗು 'ಹಾ' ಅಂದರೆ 'ಹಾಲು ಬೇಕಾ? ಬಿಸಿ ಹಾಲು' ಅಂತ ಒಂದು ಪದ ಕೂಡಿಸಿ ವಾಪಸ್ ಕೊಡಿ. ಕೇಳುವ ಮೊದಲೇ ಎಲ್ಲ ತಂದು ಮುಂದಿಡಬೇಡಿ. ಬಾಳೆಹಣ್ಣು ಬೇಕಾ, ಬಿಸ್ಕತ್ತು ಬೇಕಾ ಅಂತ ಎರಡೂ ಕೈಯಲ್ಲಿ ಹಿಡಿದು ಕೇಳಿ. ಸನ್ನೆ ಮಾಡಿದರೂ ಸರಿ, ಕೊಡಿ. ಸನ್ನೆ ಕಲಿತರೆ ಮಾತು ಬರುವುದಿಲ್ಲ ಅನ್ನುವ ಭಯ ಬೇಡ. ಮಾತಿಗೆ ಮೊದಲು ಬರುವುದು ಸನ್ನೆಯೇ.

ಮೊಬೈಲ್ ವಿಷಯದಲ್ಲಿ ಭಾರತದ ಮಕ್ಕಳ ಡಾಕ್ಟರುಗಳ ಸಂಘ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ: ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ದೂರದಲ್ಲಿರುವ ಅಪ್ಪನ ಜೊತೆ ವಿಡಿಯೋ ಕಾಲ್ ಆದರೆ ಪರವಾಗಿಲ್ಲ. ಹಾಗಂತ ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಮಾತು ಬರುವುದಿಲ್ಲ. ಮೊಬೈಲ್ ತೆಗೆದ ಜಾಗದಲ್ಲಿ ಒಬ್ಬ ಮನುಷ್ಯ ಇರಬೇಕು.

ದುಡ್ಡು ದಂಡವಾಗುವ ಕಡೆ

ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಮಾತು ಬರುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ. ಆ ದಾರ ಬಿಗಿಯಾಗಿದ್ದರೆ ಹಾಲು ಕುಡಿಯಲು ಕಷ್ಟವಾಗಬಹುದು, ಕೆಲವು ಅಕ್ಷರ ತೊದಲಬಹುದು. ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಬಜೆ, ಹರಕೆ ನಿಮ್ಮ ನಂಬಿಕೆ. ಹರಕೆ ಹೊತ್ತುಕೊಳ್ಳಿ, ಕಿವಿ ಪರೀಕ್ಷೆಯನ್ನೂ ಮಾಡಿಸಿ. ಆದರೆ ಬಜೆಯ ಜೊತೆ ಅಂತ ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಡಿ, ಅದು ಅಪಾಯ.

ಮೂರು ತಿಂಗಳಲ್ಲಿ ಮಾತು ಗ್ಯಾರಂಟಿ ಅನ್ನುವವರನ್ನು ನಂಬಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಅದನ್ನು ಮಾಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದಕ್ಕಾಗಿ ಜಮೀನು ಅಡ ಇಡಬೇಡಿ.

ಸರ್ಟಿಫಿಕೇಟಿನ ಭಯ ಅನೇಕರಿಗಿದೆ. ಥೆರಪಿಗೆ ಹೋದರೆ ಅಂಗವಿಕಲ ಅಂತ ಬರೆದುಬಿಡುತ್ತಾರೆ ಅಂತ. ಇಲ್ಲ. ಬರೀ ಮಾತು ತಡವಾದ್ದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ನೀವು ಕೇಳದೆ ಬರುವುದೂ ಇಲ್ಲ. 2016ರ ಕಾಯ್ದೆಯ ಇಪ್ಪತ್ತೊಂದು ಅಂಗವಿಕಲತೆಗಳಲ್ಲಿ ಕಿವುಡು, ಆಟಿಸಂ ಸೇರಿವೆ. ಅವು ಖಾತ್ರಿಯಾದರೆ ಅಂಗವಿಕಲರ ಕಾರ್ಡ್ ಮಾಡಿಸಿಕೊಳ್ಳುವುದು ಲಾಭವೇ. ಆಟಿಸಂ ಇರುವ ಮಕ್ಕಳಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ನೆರವು ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತದೆ.

ಥೆರಪಿಸ್ಟನ್ನು ಬದಲಿಸುವುದು ಯಾವಾಗ

ಒಂದು ತಿಂಗಳಿಗೆ ಬೇಡ. ಮಗು ಹೊಸಬರಿಗೆ ಹೊಂದಿಕೊಳ್ಳಲೇ ಅಷ್ಟು ದಿನ ಬೇಕು. ಮೂರು ತಿಂಗಳಿಗೊಮ್ಮೆ ಕೂತು ಕೇಳಿ: ಶುರುವಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ, ಮುಂದಿನ ಗುರಿ ಏನು? ಒಳ್ಳೆಯ ಥೆರಪಿಸ್ಟ್ ಬರೆದು ಇಟ್ಟಿರುತ್ತಾರೆ. ಮಾತೇ ಆಗಬೇಕಿಲ್ಲ. ಮೊದಲು ತಿರುಗುತ್ತಿರಲಿಲ್ಲ, ಈಗ ತಿರುಗುತ್ತಾನೆ. ಮೊದಲು ಅತ್ತು ಕೇಳುತ್ತಿದ್ದ, ಈಗ ಬೆರಳು ತೋರಿಸುತ್ತಾನೆ. ಇದೂ ಮುಂದುವರಿದ ಲೆಕ್ಕವೇ.

ಮಗುವನ್ನು ಒಳಗೆ ಕರೆದುಕೊಂಡು ನಿಮ್ಮನ್ನು ಹೊರಗೆ ಕೂರಿಸಿ, ಕೊನೆಗೆ 'ಚೆನ್ನಾಗಿ ಮಾಡಿದ' ಅಂತಷ್ಟೇ ಹೇಳಿ ಕಳಿಸುವ ಕಡೆ ತಿಂಗಳುಗಟ್ಟಲೆ ಉಳಿಯಬೇಡಿ. ಒಳಗೆ ಕೂರುತ್ತೇನೆ ಅಂತ ಕೇಳಿ. ಕೂರಿಸಿಕೊಂಡರೆ ಮುಂದುವರಿಸಿ. ಆಗಲ್ಲ ಅಂದರೆ, ಕಾರಣವನ್ನೂ ಹೇಳದಿದ್ದರೆ, ಫೈಲು ವಾಪಸ್ ತೆಗೆದುಕೊಂಡು ಬೇರೆ ಕಡೆ ನೋಡಿ. ಕಿವಿ ಪರೀಕ್ಷೆಯ ಚೀಟಿ, ಹಿಂದಿನ ರಿಪೋರ್ಟು ಎಲ್ಲ ನಿಮ್ಮ ಹತ್ತಿರವೇ ಇರಲಿ. ಹೊಸಬರು ಅಲ್ಲಿಂದಲೇ ಶುರು ಮಾಡಬಹುದು, ಮಗು ಇನ್ನೊಂದು ಸಲ ಮೊದಲಿಂದ ಪರೀಕ್ಷೆಗೆ ಕೂರಬೇಕಿಲ್ಲ.